ನೋಟರಿ ಕಚೇರಿಯ ದುಭಾಷಿ

ಒಳಗೆ ನಾನಾಡುವ ಮಾತಿಗೆ ಗಂಟೆಗಿಷ್ಟು ಎಂದು ದರವಿದೆ.
ಇಲ್ಲಿ, ಕಾಫಿಯಂಗಡಿಯ ಈ ತಗಡಿನ ಮೇಜಿನ ಮುಂದೆ
ಹೇಳುವುದು ಪುಕ್ಕಟೆ.
ಪುಕ್ಕಟೆ ಮಾತಿಗೆ ಕಿಮ್ಮತ್ತಿಲ್ಲ, ಬಲ್ಲೆ.
ಆದರೂ ಕೇಳಿ, ಯೋಸ್ಟ್,
ಸಹಿಗೆ ಇನ್ನೂ ನಲವತ್ತು ನಿಮಿಷವಿದೆ.

ನೀವು ಮನೆ ನೋಡಿದ್ದು ಮೇ ತಿಂಗಳಲ್ಲಿ.
ಪೋರ್ಚುಗಲ್ಲಿನ ಮೇ ತಿಂಗಳಲ್ಲಿ ಪ್ರತಿ ಮನೆಯೂ ಮದುಮಗಳು.
ಜನವರಿಯಲ್ಲಿ ಬರಬೇಕಿತ್ತು,
ಕಲ್ಲುಗೋಡೆ ಬೆವರುವಾಗ,
ಕಂಬಳಿ ಒದ್ದೆ ನಾಯಿಯಂತೆ ನಾರುವಾಗ.
ಬೀದಿಯಲ್ಲಿ ಎಷ್ಟು ಚಿಮಣಿಯಿಂದ ಹೊಗೆ ಬರುತ್ತದೆ, ಎಣಿಸಬೇಕಿತ್ತು.
ಕಳೆದ ಚಳಿಯಲ್ಲಿ ನಾನು ಎಣಿಸಿದ್ದು ಮೂರು.
ಒಂದು ರೊಟ್ಟಿ ಸುಡುವವನದು.
ಅವನೂ ಮಾರುತ್ತಿದ್ದಾನೆ.

ಬೆಲೆಗಿಂತ ಮೊದಲು ನೀರು ಕೇಳಿ.
ಊರ ಹೆಸರು ಫೊಂತೆ ಸೆಕಾ,
ಅಂದರೆ ಬತ್ತಿದ ಬುಗ್ಗೆ.
ಹೆಸರಿಟ್ಟವರು ಸುಳ್ಳಾಡಲಿಲ್ಲ,
ಅವರಿಗೆ ಮಾರುವುದೇನೂ ಇರಲಿಲ್ಲ.
ಕಾಲುವೆಯಲ್ಲಿ ನಿಮ್ಮ ಪಾಲು
ಮಂಗಳವಾರ ರಾತ್ರಿ ಹನ್ನೊಂದರಿಂದ ಒಂದೂವರೆ.
ಅದು ಯಾವ ಕಾಗದದಲ್ಲೂ ಇಲ್ಲ, ಫೆಲಿಸ್ಮಿನಾಳ ತಲೆಯಲ್ಲಿದೆ.
ಆಕೆಗೀಗ ಎಂಬತ್ತೊಂಬತ್ತು.
ಮೊದಲು ಅವಳಿಗೊಂದು ಕೇಕು ಒಯ್ಯಿರಿ, ವಕೀಲರು ಆಮೇಲೆ.
ವಕೀಲ ನಿಮ್ಮವನೇ ಆಗಿರಲಿ,
ಮಾರುವವನ ಷಡ್ಡಕ ಬೇಡ.

ನೆಲ ಕೊಂಡರೆ ಮರವೂ ಬಂತೆಂದು ಯಾರು ಹೇಳಿದರು?
ಹಿತ್ತಿಲ ಮೂರು ಆಲಿವ್ ಮರ ಪಕ್ಕದೂರಿನ ಅಣ್ಣತಂಗಿಯರದು,
ಅಜ್ಜಿಯ ವರದಕ್ಷಿಣೆಯ ಲೆಕ್ಕದಲ್ಲಿ ಬಂದದ್ದು.
ನವೆಂಬರಿನಲ್ಲಿ ಯಾರೋ ಗೇಟು ದೂಡಿ ಏಣಿ ತಂದರೆ
ಪೊಲೀಸರಿಗೆ ಫೋನು ಮಾಡಬೇಡಿ.
ಏಣಿಯ ಕಾಲು ಹಿಡಿದುಕೊಳ್ಳಿ.
ಒಂದು ಸೀಸೆ ಎಣ್ಣೆ ಬಂದೀತು.

ವಾರಸುದಾರರು ಎಂಟು ಜನ. ಏಳು ಸಹಿ ಕಣ್ಣಾರೆ ಕಂಡಿದ್ದೇನೆ.
ಎಂಟನೆಯವನು ಲಕ್ಸೆಂಬರ್ಗಿನಲ್ಲಿ ಟೈಲ್ಸ್ ಹಾಕುತ್ತಾನೆ.
ಅಣ್ಣನ ಮೇಲೆ ಮುನಿಸು, ಒಂದು ಹೇಸರಗತ್ತೆಯ ದೆಸೆಯಿಂದ.
ಕತ್ತೆ ಸತ್ತು ಮೂವತ್ತು ವರ್ಷ,
ಮುನಿಸಿಗಿನ್ನೂ ಮೇವು ಸಿಗುತ್ತಿದೆ.
ಅವನ ಅಧಿಕಾರಪತ್ರ ಬಂದಿದೆಯಂತೆ.
ಮುದ್ರೆಯ ತಾರೀಖು ನೀವೇ ಓದಿ.

ಇಷ್ಟೆಲ್ಲ ಯಾಕೆ ಒದರುತ್ತೀ ಗ್ರಸಿಯೆತೆ, ಎನ್ನುವಿರಿ.

ಆರು ವರ್ಷದ ಹಿಂದೆ, ಅದೇ ಕೋಣೆ,
ಡೆನ್ಮಾರ್ಕಿನ ಹೆಂಗಸು, ಇಂಗೆಲಿಸೆ.
ಕ್ರಯಪತ್ರವನ್ನು ಸಾಲುಸಾಲಾಗಿ ತಿರುಗಿಸಿ ಹೇಳಿದೆ,
ಒಂದು ಅಲ್ಪವಿರಾಮ ಬಿಡದೆ.
ಹಣ ಕೈ ಬದಲಿಸಿತು.
ಕೀಲಿ ಕೊಡುವಾಗ ಮುದುಕ ಅದೆಲಿನೊ, ಟೊಪ್ಪಿ ಎದೆಗೊತ್ತಿಕೊಂಡು
ಬಹಳ ಹೊತ್ತು ಮಾತಾಡಿದ:
ಮೂರನೇ ತೊಲೆಯ ಕೆಳಗೆ ಸೋರುತ್ತದೆ.
ಇಪ್ಪತ್ತು ವರ್ಷ ಅಲ್ಲೊಂದು ತಾಮ್ರದ ಬೋಗುಣಿ ಇಟ್ಟಿದ್ದೆ.
ಈಕೆ ನೋಡಲು ಬಂದ ದಿನ ಅಟ್ಟದಲ್ಲಿ ಬಚ್ಚಿಟ್ಟೆ.
ಹೇಳಮ್ಮ, ಬೋಗುಣಿ ಅಲ್ಲೇ ಇದೆ, ಇಟ್ಟುಕೊಳ್ಳಲಿ.

ಇಂಗೆಲಿಸೆ ನನ್ನ ಮುಖ ನೋಡಿದಳು.
ನೋಟರಿ ಗಡಿಯಾರ ನೋಡಿದ.
ನಿಮಗೆ ಒಳ್ಳೆಯದಾಗಲಿ ಅನ್ನುತ್ತಿದ್ದಾನೆ, ಅಂದೆ.

ಅವಳು ಅತ್ತು ಮುದುಕನನ್ನು ತಬ್ಬಿಕೊಂಡಳು.
ಕ್ಷಮಿಸಿದಳೆಂದು ತಿಳಿದು ಅವನೂ ಅತ್ತ.
ಆ ಕೋಣೆಯಲ್ಲಿ ಅಂದು ಕಣ್ಣು ಒಣಗಿದ್ದವಳು ನಾನೊಬ್ಬಳೇ.

ಮೊದಲ ಮಳೆಗೆ ಅವಳು ಪ್ಲಾಸ್ಟಿಕ್ ಬಕೆಟ್ಟು ಕೊಂಡಳು.
ಈಚೆಗೆ ಸಂತೆಯಲ್ಲಿ ಸಿಕ್ಕಿ ಕೇಳಿದಳು,
ರಾತ್ರಿಯ ಆ ಟಪ್ ಟಪ್‌ಗೆ ನಿಮ್ಮಲ್ಲಿ ಏನನ್ನುತ್ತೀರಿ?
ಹೇಳಿಕೊಟ್ಟೆ.
ಅಟ್ಟ ಹತ್ತಿ ನೋಡು ಎಂದು ಮಾತ್ರ
ಇಂದಿಗೂ ಹೇಳಲಾಗಿಲ್ಲ.

ಏಳಿ, ಕರೆಯುತ್ತಿದ್ದಾರೆ.
ಕಾಫಿಯ ದುಡ್ಡು ನಾನು ಕೊಡುತ್ತೇನೆ.
ಕೀಲಿ ಕೊಡುವಾಗ ಮಾರುವವರು ಏನಾದರೂ ಹೇಳಿದರೆ
ನನ್ನ ಮುಖ ನೋಡಬೇಡಿ, ಯೋಸ್ಟ್.
ಅವರ ಟೊಪ್ಪಿ ನೋಡಿ,
ಎಲ್ಲಿ ಹಿಡಿದಿದ್ದಾರೆ, ಎಷ್ಟು ಬಿಗಿಯಾಗಿ.