ಸೀಸ ತೆಗೆದ ಬಟ್ಟು

ಮದನಪುರದ ಇದ್ದಿಲಂಗಡಿಯಲ್ಲಿ
ಅಜ್ಜನ ಹತ್ತಿರ ಎರಡು ಕಿಲೋದ ಬಟ್ಟು ಎರಡಿದ್ದವು.
ಒಂದು, ಇನ್ಸ್‌ಪೆಕ್ಟರ್ ಬಂದಾಗ ತಕ್ಕಡಿ ಏರುವುದು.
ಇನ್ನೊಂದರ ಹೊಟ್ಟೆಯ ಸೀಸ ಕೆತ್ತಿ ತೆಗೆದು
ಮೇಣ ತುಂಬಿ, ಮೇಲೆ ಮಸಿ ಒರೆಸಿ,
ಅದು ಉಳಿದ ದಿನಗಳಿಗೆ.
ಇದ್ದಿಲಿಗೆ ನೀರು ಚಿಮುಕಿಸುವುದು ಬೇರೆ.
"ಎಲ್ಲಾರೂ ಚಿಮುಕಸ್ತಾರ" ಅನ್ನುತ್ತಿದ್ದ,
ಎಲ್ಲರೂ ಮಾಡಿದ್ದು ಯಾರ ಲೆಕ್ಕಕ್ಕೂ ಬರೆಯುವುದಿಲ್ಲವೆಂಬಂತೆ.

ಮೂವತ್ತೊಂದು ವರ್ಷ.

ಹಜ್ಜಿನ ಪಟ್ಟಿಯಲ್ಲಿ ಹೆಸರು ಬಂತು:
ಲಾಡ್ಲೇಸಾಬ, ಊರು ಆಳಂದ, ಹಾಲಿ ವಸ್ತಿ ಮುಂಬಯಿ.
ಇಹ್ರಾಮಿನ ಎರಡು ಬಿಳಿ ತುಂಡು
ಧೂಳು ತಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೊಳೆಗೆ ತೂಗಿದೆವು.
ಮೌಲವಿಗಳು ಚಹಾ ಬಸಿಗೆ ಸುರಿಯುತ್ತ
ಹವಾಮಾನ ಹೇಳಿದಷ್ಟು ಸಹಜವಾಗಿ ಹೇಳಿದರು:
ತಪ್ಪಿದ ನಮಾಜು, ಮುರಿದ ರೋಜಾ
ಅವನಿಗೂ ನಿನಗೂ ಬಿಟ್ಟದ್ದು, ಅವನು ದಯಾಳು.
ಮನುಷ್ಯರ ಹಕ್ಕು ತಿಂದಿದ್ದರೆ ಮಾತ್ರ
ಆ ಮನುಷ್ಯರನ್ನೇ ಕೇಳಿ ಬಾ.
ಏಳಲ್ಲ, ಎಪ್ಪತ್ತು ಸುತ್ತು ಹಾಕಿದರೂ
ಆ ಬಾಕಿ ಅಲ್ಲಿ ಮುರಿಯುವುದಿಲ್ಲ.

ಅಜ್ಜ ಅವತ್ತು ಉಣ್ಣಲಿಲ್ಲ.

ಯಾರನ್ನು ಕೇಳುವುದು? ಈ ಊರು
ಯಾರನ್ನು ಇಟ್ಟಲ್ಲಿ ಇಡುತ್ತದೆ?
ಮಗ್ಗದ ಹುಡುಗರು ಮಗ್ಗಗಳ ಜೊತೆಗೇ ಭಿವಂಡಿಗೆ.
ಕಬಾಬಿನ ಹಮ್ಜಾ ಮುಂಬ್ರಾದಲ್ಲಿ, ಈಗ ಗ್ಯಾಸಿನ ಒಲೆ.
"ನಾನೂ ಖೀಮಾದೊಳಗೆ ಬ್ರೆಡ್ ಬೆರೆಸ್ತಿದ್ದೆ ಚಾಚಾ,
ಬರಾಬರ್ ಆಯ್ತು" ಎಂದು ನಕ್ಕು ಅಪ್ಪಿಕೊಂಡ.
ಬರಾಬರ್ ಎಲ್ಲಿ, ಅಜ್ಜ ಲೋಕಲ್ಲಿನಲ್ಲಿ ಗೊಣಗಿದ,
ಅವನ ಬ್ರೆಡ್ ತಿಂದವರು ಬೇರೆ.
ಸತ್ತವರ ಹೆಸರಲ್ಲಿ ಬಡವರಿಗೆ ಕೊಡು ಎಂದರು. ಕೊಟ್ಟ,
ನನ್ನ ಮದುವೆಗೆಂದು ಇಟ್ಟಿದ್ದರಲ್ಲಿ.
(ಅದನ್ನು ನಾನು ಯಾವ ಬಟ್ಟಿನಲ್ಲಿ ತೂಗಲಿ,
ಇವತ್ತಿಗೂ ತಿಳಿದಿಲ್ಲ.)

ಉಳಿದವಳು ಖೈರೂನ್ ಬೀ.
ನಮ್ಮ ಸೀಮೆಯವಳೇ, ಅಫಜಲಪುರದ ಕಡೆಯವಳು.
ಚಾಳಿನ ಮೆಟ್ಟಿಲ ಕೆಳಗೆ ಇಸ್ತ್ರಿಪೆಟ್ಟಿಗೆ,
ದಿನಕ್ಕೆ ಎರಡು ಕಿಲೋ.
ಅಜ್ಜ ಆ ಬಟ್ಟನ್ನೇ ಚೀಲದಲ್ಲಿ ಒಯ್ದಿದ್ದ.
ಅವಳ ಮುಂದೆ ಮಗುಚಿ ತೋರಿಸಿದ.
ಮೇಣ ಬಿರುಕು ಬಿಟ್ಟಿತ್ತು.

"ಗೊತ್ತಿತ್ತು" ಅಂದಳು, ಯಾರದೋ ಕಾಲರಿನ ಮೇಲೆ ಪೆಟ್ಟಿಗೆ ಎಳೆಯುತ್ತ.
"ದಿನಾ ಮೂರು ಅಂಗಿ ಉಳೀತಿದ್ದವು, ಕೆಂಡ ಆರ್ತಿತ್ತು."
"ಮತ್ತ ಯಾಕ ಕೇಳಲಿಲ್ಲ?"
"ಉದ್ರಿ ಕೊಡ್ತಿದ್ದಿ."

ರೊಕ್ಕ ಇಟ್ಟ. ಅವಳು ಎಣಿಸಿದಳು,
ಹರಿದ ನೋಟೊಂದನ್ನು ಬದಲಿಸಿಕೊಂಡಳು.
"ಇದು ಇದ್ದಿಲಿಂದು. ಮಾಫಿ ಬೇರೆ.
ಮಾಫ್ ಮಾಡಂಗಿಲ್ಲ ಲಾಡ್ಲೇಭಾಯಿ.
ಸಿಟ್ಟಿಲ್ಲ, ತಿಳಕೋ.
ಆ ದಿನ ತಕ್ಕಡಿ ಎತ್ತಿದಾಗ ನನ್ನ ಪರಡಿ ಹಗುರ ಅದ.
ನನ್ನ ಸೊಸಿ, ಈ ಪೆಟಗಿ ಅಲ್ಲ, ಬಾಯಿಲೇ ಸುಟ್ಟೀನಿ ಅಕಿನ್ನ.
ಮಾಫ್ ಮಾಡದೇ ಹೋದಳು.
ಅಲ್ಲಿ ಅಕಿ ಕೇಳಲಾಕ ನಿಂತಿರ್ತಾಳ,
ಕೊಡಲಾಕ ನನ್ನ ಕೈಯಾಗ ಏನರೆ ಬೇಕಲ್ಲ?
ನಿನ್ನ ನಮಾಜು, ನಿನ್ನ ಈ ಹಜ್ಜು,
ನನ್ನ ಪಾಲಿಗೆ ಎಷ್ಟು ಬರ್ತದೋ ಬರಲಿ.
ಹಂಗೇ ಅಕಿಗೆ ದಾಟಸ್ತೀನಿ.
ಚೊಲೋತ್ನಂಗ ಮಾಡಿ ಬಾ.
ಕಮ್ಮಿ ತೂಗಬ್ಯಾಡ."

ಅಜ್ಜ ಚೀಲ ಹೆಗಲಿಗೇರಿಸಿದ.
ಗಲ್ಲಿಯ ತಿರುವಿನವರೆಗೆ ನಡೆದವನು
ಮೀನಿನ ಬುಟ್ಟಿಗಳ ನಡುವೆ ನಿಂತ, ನನ್ನ ಕೈ ಬಿಟ್ಟ,
ಒಬ್ಬನೇ ತಿರುಗಿ ಹೋದ.

"ಅಕಿ ಹೆಸರೇನು?
ಅಲ್ಲಿ ದುಆ ಕೇಳುವಾಗ ಹೆಸರು ಬೇಕಾಗ್ತದ."

ದೂರದಿಂದ ನೋಡಿದೆ.
ಖೈರೂನ್ ಬೀ ಪೆಟ್ಟಿಗೆಯನ್ನು ಮೇಲೆತ್ತಿ ಹಿಡಿದಿದ್ದಳು,
ಕೆಳಗಿನ ಬಟ್ಟೆಗೆ ತಾಗದಂತೆ,
ತೋಳು ನಡುಗುವಷ್ಟು ಹೊತ್ತು.
ಆಮೇಲೆ ಹೇಳಿದಳು:
ತಾಹೇರಾ.