ಒಂದರಿಂದ ಐದು

ಪೊತ್ಸುವೋಲಿಯಲ್ಲಿ ನೆಲ ಉಸಿರು ಎಳೆದುಕೊಂಡಿದೆ,
ಇನ್ನೂ ಬಿಟ್ಟಿಲ್ಲ.
ದೋಣಿ ಕಟ್ಟುತ್ತಿದ್ದ ಕಬ್ಬಿಣದ ಬಳೆ
ಕೈಗೆಟುಕದಷ್ಟು ಮೇಲೇರಿ,
ಕಡಲು ಬೇರೆ ಮನೆ ನೋಡಿಕೊಂಡಂತೆ ಸರಿದು,
ದೋಣಿಗಳು ಕೆಸರಲ್ಲಿ ಮಗ್ಗುಲಾಗಿವೆ.

ನಾನು ತೊರಿನೊದಿಂದ ಬಂದವಳು.
ಬಗಲಲ್ಲಿ ನೂರಿಪ್ಪತ್ತು ಹಾಳೆ, ಎರಡು ಪೆನ್ನು.
ಪ್ರಶ್ನೆ ಏಳು: ನಿಮಗೆ ಎಷ್ಟು ಭಯ?
ಒಂದು ಅಂದರೆ ಇಲ್ಲವೇ ಇಲ್ಲ, ಐದು ಅಂದರೆ ವಿಪರೀತ.

ಮೀನಿನ ಪ್ರೊಕೊಲೊ ತಕ್ಕಡಿ ಎತ್ತಿ ತೋರಿಸಿದ:
'ತಲೆ ಸಮೇತ ತೂಗಲೋ, ತೆಗೆದು ತೂಗಲೋ?
ಎರಡು ಅಂತ ಬರಕೋ.'
ಬೀದಿ ತಿರುವಿನಲ್ಲಿದ್ದೆ, ಹಿಂದಿನಿಂದ ಕೂಗಿದ:
'ಅದು ಹಗಲಿನ ಲೆಕ್ಕ ಕಣಮ್ಮ,
ರಾತ್ರಿಯದನ್ನ ಎಲ್ಲಿ ಬರೀತೀ?'
ಹಾಳೆಯಲ್ಲಿ ರಾತ್ರಿಗೆ ಜಾಗವಿರಲಿಲ್ಲ.

'ಒಂದು,' ಎಂದಳು ಶಾಲೆಯ ಟೀಚರು, ಥಟ್ಟನೆ.
ಅವಳ ಬಾಗಿಲ ಹಿಂದೆ ಕಟ್ಟಿಟ್ಟ ಚೀಲ.
ಟಾರ್ಚು, ಬಿಪಿ ಮಾತ್ರೆ, ಬೆಕ್ಕನ್ನು ಒಯ್ಯುವ ಬುಟ್ಟಿ.
ಬೆಕ್ಕು ಅದರೊಳಗೇ ಮಲಗುವುದು ಕಲಿತಿತ್ತು.

ಮೂರನೇ ಮಹಡಿಯ ಅಸ್ಸುಂತಿನಾ
ಬಾಗಿಲು ತೆರೆದವಳೇ ಕೇಳಿದ್ದು, ಊಟ ಆಯಿತೇ ಎಂದು.
'ಭಯ ಇರೋದು ಈ ಮೆಟ್ಟಿಲಿಗೆ, ಮಗಳೇ. ಐದು ಹಾಕು.
ನೆಲಕ್ಕಾ?
ನಾನು ಹುಡುಗಿಯಾಗಿದ್ದಾಗ ಸೈನಿಕರು ಬಂದರು,
ಒಲೆ ಮೇಲೆ ಬೀನ್ಸು ಬೇಯ್ತಾ ಇತ್ತು, ಎದ್ದು ನಡೀರಿ ಅಂದರು.
ನೆಲ ಸಿಡಿಯಲಿಲ್ಲ.
ನಾವು ತಿರುಗಿ ಆ ಮನೆಗೆ ಹೋಗಲೂ ಇಲ್ಲ.
ಯಾವುದಕ್ಕೆ ಹೆದರಬೇಕಿತ್ತು, ಓದಿದವಳು ನೀನೇ ಹೇಳು.'

ಹೇಳುವ ಮೊದಲೇ ಅದು ಬಂತು,
ಕೆಳಗೆ ಯಾರೋ ಭಾರದ ಬೀರು ಎಳೆದಂಥ ಸದ್ದು.
ಮಾತು ನಿಲ್ಲಿಸದೆ ಅವಳು
ಸಕ್ಕರೆ ಡಬ್ಬಿಯ ಮೇಲೊಂದು ಅಂಗೈ ಇಟ್ಟಳು,
ಅಳುವ ಕೂಸಿನ ತಲೆ ಮೇಲೆ ಇಡುವ ಹಾಗೆ.
ನಾನು ಮೇಜಿನ ಅಡಿಯಲ್ಲಿದ್ದೆ.

ಎದ್ದು ನೋಡಿದರೆ ಹಾಳೆಯ ಮೇಲೆ
ನನ್ನದೇ ಪೆನ್ನು ಎಳೆದ ಗೆರೆ,
ಒಂದನ್ನೂ ಐದನ್ನೂ ಗೀಚಿಕೊಂಡು
ಅಂಚಿನಾಚೆ, ಮೇಜಿನ ಹಾಸಿಗೆ ಇಳಿದಿತ್ತು.
'ಅದು ಒಗೆದರೆ ಹೋಗುತ್ತೆ,' ಎಂದಳು. 'ಕಾಫಿ ಕುಡಿ.'

ಹಾಳಾದವನ್ನು ಎಣಿಕೆಗೆ ಸೇರಿಸಬೇಡ ಎಂದು
ಪ್ರೊಫೆಸರರ ಫೋನು.
ಆಗಲಿ ಎಂದೆ.
ಆ ರಾತ್ರಿ ಹೋಟೆಲಿನಲ್ಲಿ
ನೂರಿಪ್ಪತ್ತನೆಯ ಖಾಲಿ ಹಾಳೆ ತೆಗೆದು
ನನ್ನ ಹೆಸರು ಬರೆದೆ, ವಯಸ್ಸು ಬರೆದೆ.
ಏಳನೆಯದರ ಹತ್ತಿರ ಬಹಳ ಹೊತ್ತು ಕೂತು
ದೀಪ ಆರಿಸಿ ಮಲಗಿದೆ,
ಬೂಟು ಬಿಚ್ಚದೆ.