ಎಡಮೂಲೆ

ನನ್ನಪ್ಪ ದೇರಣ್ಣ ಬೆಳ್ಚಾಡ
ಕಾಸರಗೋಡು ತಾಲೂಕು ಕಚೇರಿಯ ಜಗಲಿಯಲ್ಲಿ
ಮೂವತ್ತೊಂದು ವರ್ಷ ಅರ್ಜಿ ಬರೆದ.
ಜನ ತುಳುವಿನಲ್ಲಿ ಅಳುವರು, ಬ್ಯಾರಿಯಲ್ಲಿ ಬೈಯುವರು,
ಅಪ್ಪ ಅದನ್ನು ಕನ್ನಡದಲ್ಲಿ ಯೋಚಿಸಿ
ಮಲಯಾಳದಲ್ಲಿ ಬರೆದು
"ತಮ್ಮ ವಿಧೇಯ" ಎಂದು ಮುಗಿಸುವನು.
ಅಳುವಿನ ಎಷ್ಟು ಪಾಲು ನಡುಗಡವಿನಲ್ಲೇ ಮುಳುಗಿತೋ
ಲೆಕ್ಕ ಇಟ್ಟವರಿಲ್ಲ.

ಇಟ್ಟದ್ದು ಕಾರ್ಬನ್ ಪ್ರತಿ ಮಾತ್ರ.
ವರ್ಷಕ್ಕೊಂದು ಕಟ್ಟು, ತೆಂಗಿನ ಹುರಿಯಲ್ಲಿ ಬಿಗಿದು.
ಎಪ್ಪತ್ತನಾಲ್ಕರದ್ದು ಎತ್ತಲು ಎರಡು ಕೈ ಬೇಕು:
ರೇಷನ್ ಅಕ್ಕಿಯಲ್ಲಿ ಕಲ್ಲು,
ತೋಡಿಗೆ ಸಂಕ ಬೇಕು,
ಮಾಸ್ತರರು ಮಂಗಳವಾರ ಮಾತ್ರ ಬರುತ್ತಾರೆ,
ಗ್ರಾಮಸೇವಕರ ನಾಯಿ ನಮ್ಮ ಕೋಳಿ ತಿಂದಿದೆ.
ಎಪ್ಪತ್ತಾರರ ಕಟ್ಟು
ಒಂದೇ ಕೈಯಲ್ಲಿ, ಅದೂ ಎರಡು ಬೆರಳಲ್ಲಿ.

ಊರಿಗೆ ಆ ವರ್ಷ ಕಷ್ಟ ಇರಲಿಲ್ಲ ಎಂದಲ್ಲ.
ಅಕ್ಕಿಯಲ್ಲಿ ಕಲ್ಲು ಇದ್ದೇ ಇತ್ತು, ಜನ ಆರಿಸಿಕೊಂಡರು.
ಬರೆಸಲು ಬಂದವರು ಮಾದರಿ ಹಿಡಿದೇ ಬಂದರು:
"ರೈಲು ಹೊತ್ತಿಗೆ ಸರಿಯಾಗಿ ಬರುತ್ತಿದೆ,
ನಮ್ಮ ಸಂಘ ಹರ್ಷ ವ್ಯಕ್ತಪಡಿಸುತ್ತದೆ."
ಬೀಡಿ ಡಿಪೋದವರ ಹರ್ಷ, ಹೆಂಚಿನ ಕಾರ್ಖಾನೆಯವರ ಹರ್ಷ,
ಮೀನು ಮಾರುವ ಹೆಂಗಸರ ಹೆಸರಲ್ಲಿ ಇನ್ಯಾರದೋ ಹರ್ಷ.
ಇಷ್ಟು ಜನ ಇಷ್ಟು ಒಗ್ಗಟ್ಟಾಗಿ ಸರಕಾರದ ಕೆಲಸಕ್ಕೆ ಸೇರಿದ್ದನ್ನು
ಅಪ್ಪ ಅದಕ್ಕಿಂತ ಮೊದಲು ನೋಡಿರಲಿಲ್ಲವಂತೆ.
ಒಂದೇ ವಾಕ್ಯ. ಸಹಿ ಮಾತ್ರ ಬೇರೆ ಬೇರೆ.

ಆ ಹರ್ಷಗಳ ನಡುವೆ ಒಂದು ಅರ್ಧ ಹಾಳೆ.
ಬೀಡಿ ಕಟ್ಟುವ ಬಾಗಿಯ ಮಗನನ್ನು
ರಾತ್ರಿ ಜೀಪಿನಲ್ಲಿ ಒಯ್ದಿದ್ದರು.
ಯಾಕೆ ಎಂದು ಕೇಳುವ ಅರ್ಜಿಗೆ ಆಗ ನಮೂನೆ ಇರಲಿಲ್ಲ.
"ಯಾಕೆ ಅಂತ ಬರೆಯಬೇಡಿ," ಅಂದಳಂತೆ,
"ಅವನಿಗೆ ಉಬ್ಬಸ. ಬರೀ ನೆಲದಲ್ಲಿ ಮಲಗಿಸಬೇಡಿ ಅಂತ ಬರೆಯಿರಿ.
ಚಾಪೆ ನಾನೇ ತಂದು ಕೊಡುತ್ತೇನೆ ಅಂತಲೂ."
ಅಪ್ಪ ಬರೆದ. ನಾಲ್ಕು ಸಾಲು. ಅಕ್ಷರ ದುಂಡಗೇ ಇದೆ.
ಅವಳ ಹೆಬ್ಬೆಟ್ಟಿದೆ, ಒತ್ತಿದ ಭಾರಕ್ಕೆ
ಕಾರ್ಬನ್ನಿನಲ್ಲೂ ಇಳಿದಿದೆ.
ಪ್ರತಿ ಅರ್ಜಿಯ ಎಡಮೂಲೆಯಲ್ಲಿ
"ಬರೆದವರು: ದೇ. ಬೆಳ್ಚಾಡ" ಎಂದಿರಬೇಕು.
ಇದರಲ್ಲಿ ಇಲ್ಲ.

ಸಾಯುವ ಮುಂಚಿನ ತಿಂಗಳು ಆ ಕಟ್ಟು ಬಿಚ್ಚಿಸಿ
ಪೆನ್ನು ಕೇಳಿದ. ಕೊಟ್ಟೆ.
ಮೂಲೆಯ ಮೇಲೆ ಬಹಳ ಹೊತ್ತು ಹಿಡಿದಿದ್ದು
ಮುಚ್ಚಳ ಹಾಕಿ ಹಿಂದೆ ಕೊಟ್ಟ.
"ಈಗ ಬರೆದರೆ ಸುಳ್ಳು ದಾಖಲೆ ಆಗುತ್ತದೆ" ಎಂದ.

ನಾನೀಗ ಉಪ್ಪಳದಲ್ಲಿ, ಕಂಪ್ಯೂಟರಿನ ಎದುರು.
ಟೋಕನ್ ನಲುವತ್ತಮೂರು. ಸರ್ವರ್ ಇಲ್ಲ.
ಯಾರನ್ನು ಬೇಕಾದರೂ ಬೈಯಬಹುದು,
ಮಂತ್ರಿಯನ್ನು, ಕಲೆಕ್ಟರನ್ನು, ನನ್ನ ಪ್ರಿಂಟರನ್ನು.
ಆಗ ಕೇಳಿದರೆ ಉತ್ತರ ಮರುದಿನವೇ ಬರುತ್ತಿತ್ತು, ಜೀಪಿನಲ್ಲಿ.
ಈಗಿನ ಉತ್ತರ ನಡೆದುಕೊಂಡು ಬರುತ್ತದೆ,
ದಾರಿಯಲ್ಲಿ ಕೂತು ಕೂತು.
ಗ್ರಾಮಸಭೆಯ ನೋಟೀಸು ಮಲಯಾಳದಲ್ಲಿ ಮೊದಲು,
ಕನ್ನಡದ ಹಾಳೆ ಸಭೆ ಮುಗಿದ ಮೇಲೆ.
ಚಹಾ ಬರುವ ತನಕ ಕೂತು
ಓದದೆ ಸಹಿ ಹಾಕಿ ಬಂದವರಲ್ಲಿ ನಾನೂ ಒಬ್ಬಳು,
ಮುಚ್ಚಿಡುವುದಿಲ್ಲ.

ಬೀಫಾತಿಮ ಮಾತ್ರ ಏಳನೇ ಸಲ ಬಂದಿದ್ದಾಳೆ.
ಕಡಲು ಅವಳ ಬಾವಿಯೊಳಗೆ ಬಂದು ಕೂತಿದೆ.
ಆರನೇ ಅರ್ಜಿಗೆ ಬಂದ ಉತ್ತರ ಓದಿ ಹೇಳಿದೆ:
"ಪರಿಶೀಲನೆಯಲ್ಲಿದೆ. ಕನ್ನಡದ ಲಗತ್ತಿಗೆ ಭಾಷಾಂತರ ಸೇರಿಸಿ."
ಚೀಲದಿಂದ ಬಾವಿನೀರಿನ ಬಾಟಲಿ ತೆಗೆದು ಮೇಜಿನ ಮೇಲಿಟ್ಟು
"ಇದಕ್ಕೂ ಭಾಷಾಂತರ ಬೇಕಾ?" ಅಂದಳು.
ಹಿಂದೆ ನಿಂತವರು ನಕ್ಕರು.
ಸಾಲು ಜರುಗಲಿಲ್ಲ, ಯಾರೂ ಗೊಣಗಲೂ ಇಲ್ಲ.

ಟೈಪು ಮಾಡಿದೆ. ಪರದೆಯ ನಮೂನೆಯಲ್ಲಿ
ಬರೆದವರ ಹೆಸರಿಗೆ ಜಾಗವಿಲ್ಲ.
ಪ್ರಿಂಟು ತೆಗೆದು ಎಡಮೂಲೆಯಲ್ಲಿ ಪೆನ್ನಿನಿಂದ ಬರೆದೆ.
ಬೀಫಾತಿಮ ಬಗ್ಗಿ ನೋಡಿ,
"ಅದು ಎಂಥದು?"
"ನನ್ನ ಹೆಸರು."
"ಯಾಕೆ, ನಿನ್ನ ಬಾವಿಗೂ ಉಪ್ಪು ಬಂತಾ?"